ಹದಿನೇಳನೆಯ ಹೆಸರು

ನನ್ನ ಹೆಸರು ಮೌನೇಶ ಪತ್ತಾರ. ನನ್ನ ಕೆಲಸ, ದನಿ ಕಳೆದುಕೊಂಡವರ ಮಾತುಗಳನ್ನು ಕಾಯುವುದು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ ಎದುರಿಗಿದ್ದವರು ನಗದೆ ಇದ್ದದ್ದು ಇವತ್ತಿನವರೆಗೆ ಇಲ್ಲ. ನೀವೂ ಒಮ್ಮೆ ನಕ್ಕುಬಿಡಿ, ಮುಂದೆ ಹೋಗೋಣ.

ಗದಗದ ಹೊರಗೆ, ಗಾಳಿಯಂತ್ರಗಳ ಸಾಲು ಶುರುವಾಗುವಲ್ಲಿ ನಮ್ಮ ಧ್ವನಿ ಭಂಡಾರ ಇದೆ. ಏಳು ಜಿಲ್ಲೆಗಳ ಸಾವಿರದ ಒಂಬೈನೂರು ಜನ ಅಲ್ಲಿ ತಮ್ಮ ಮಾತನ್ನು ಇಟ್ಟಿದ್ದಾರೆ. ಗಂಟಲಿನ ಕಾಯಿಲೆಯಿಂದಲೋ ಅಪಘಾತದಿಂದಲೋ ದನಿಪೆಟ್ಟಿಗೆ ಹೋದರೂ ಮಾತಾಡಬೇಕೆಂದು ಮನಸ್ಸು ಮಾಡಿದಾಗ ಕೊರಳಿನ ನರಗಳು ಮೊದಲಿನಂತೆಯೇ ಮಿಡಿಯುತ್ತವೆ. ಆ ಮಿಡಿತವನ್ನು ಎರಡು ಬೆರಳಗಲದ ಒಂದು ಕೊರಳಪಟ್ಟಿ ಓದುತ್ತದೆ, ನಮ್ಮ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿ ಪ್ರತಿಯೊಬ್ಬರಿಗೂ ಅವರವರ ಪದಗಳ ಯಾದಿ ಇದೆ, ಶಸ್ತ್ರಚಿಕಿತ್ಸೆಗೆ ಮುಂಚೆ ಅವರದೇ ದನಿಯಲ್ಲಿ ಮುದ್ರಿಸಿಟ್ಟದ್ದು. ಸರ್ವರ್ ಆ ಯಾದಿಯಲ್ಲಿ ಪದ ಹುಡುಕಿ ವಾಪಸ್ ಕಳಿಸುತ್ತದೆ, ಕೊರಳಪಟ್ಟಿ ಅದನ್ನು ನುಡಿಯುತ್ತದೆ. ಯಾದಿಯಲ್ಲಿ ಹೊಸ ಹೆಸರು ಸೇರಿಸಬೇಕಾದರೆ ಟೈಪ್ ಮಾಡಿದರೆ ಸಾಕು, ಹಳೆಯ ದನಿಯ ತುಣುಕುಗಳನ್ನೇ ಜೋಡಿಸಿಕೊಂಡು ಅದು ಹೇಳುತ್ತದೆ. ಇಷ್ಟೆಲ್ಲ ಆಗಲು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಸರ್ವರ್ ಬಿದ್ದರೆ ಮಾತ್ರ ಸಾವಿರದ ಒಂಬೈನೂರು ಜನ ಒಟ್ಟಿಗೆ ಬಾಯಿ ತೆರೆದುಕೊಂಡು ನಿಲ್ಲಬೇಕಾಗುತ್ತದೆ.

ಹನ್ನೊಂದು ವರ್ಷದಲ್ಲಿ ಅದು ಒಮ್ಮೆಯೂ ಬಿದ್ದಿರಲಿಲ್ಲ. ನನಗೆ ಅದರ ಜಂಬವೂ ಸ್ವಲ್ಪ ಇತ್ತು ಅನ್ನಿ. ಆ ಜಂಬ ಇಳಿಸಿದ್ದು ಒಂದು ಭದ್ರತಾ ಅಪ್‌ಡೇಟ್.

ಅಪ್‌ಡೇಟ್ ಹಾಕಲೇಬೇಕಿತ್ತು. ಹೊರ ರಾಜ್ಯದ ಇಂಥದೇ ಒಂದು ಭಂಡಾರಕ್ಕೆ ಕಳ್ಳರು ನುಗ್ಗಿ, ಕಟಕಟೆಯಲ್ಲಿ ನಿಂತ ಒಬ್ಬ ಸಾಕ್ಷಿಯ ಕೊರಳಿಂದ ಅವನದೇ ದನಿಯಲ್ಲಿ ಸುಳ್ಳು ಹೇಳಿಸಿದ್ದರು. ಬೇಡ ಬೇಡ ಎಂದು ಆತ ಕೈ ಬೀಸುತ್ತಿದ್ದನಂತೆ, ಕೊರಳು ಮಾತ್ರ ತನ್ನ ಪಾಡಿಗೆ ಮಾತಾಡುತ್ತಿತ್ತಂತೆ. ಆ ಸುದ್ದಿ ಕೇಳಿದ ಮೇಲೆ ನಮ್ಮ ಭದ್ರತೆ ನೋಡಿಕೊಳ್ಳುವ ಪ್ರೇಮಾ ಲಮಾಣಿ ಹೊಸ ಅಪ್‌ಡೇಟನ್ನು ತಂದು, ನಾಲ್ಕು ಸಲ ಪರೀಕ್ಷಿಸಿ, ಒಂದು ಭಾನುವಾರ ಹಾಕಿದಳು. ಭಂಡಾರದ ಒಳಗೆ ಯಾರಾದರೂ ಕೈಯಾಡಿಸಿದ ಅನುಮಾನ ಬಂದರೆ ಸಾಕು, ಸರ್ವರ್ ತಾನೇ ಬಾಗಿಲು ಹಾಕಿಕೊಂಡು, ಎಲ್ಲವನ್ನೂ ತಪಾಸಿಸಿ, ಹನ್ನೊಂದು ನಿಮಿಷದ ಮೇಲೆ ಮತ್ತೆ ತೆರೆಯುತ್ತಿತ್ತು.

ಸೋಮವಾರ ಬೆಳಿಗ್ಗೆ ಹತ್ತೂ ಹನ್ನೆರಡಕ್ಕೆ ಬಾಗಿಲು ಹಾಕಿಕೊಂಡಿತು. ಮಧ್ಯಾಹ್ನ ಎರಡೂ ಹತ್ತಕ್ಕೆ ಮತ್ತೊಮ್ಮೆ.

ಕಾರಣ ಕೇಳಿದರೆ ಲಾಗ್‌ನಲ್ಲಿ ಎರಡೇ ಸಾಲು: ಯಾದಿಯಲ್ಲಿ ಹೊಂದಿಕೆ ಇಲ್ಲ, ಕೈಯಾಡಿಸಿದ ಶಂಕೆ. ಯಾರ ಯಾದಿ, ಯಾವ ಪದ, ಏನೂ ಇಲ್ಲ. ಅದು ತಪ್ಪಲ್ಲ, ನಾವೇ ಮಾಡಿಕೊಂಡ ಕಟ್ಟು. ಯಾರು ಏನು ಮಾತಾಡಿದರೆಂಬುದನ್ನು ಭಂಡಾರ ಎಲ್ಲಿಯೂ ಬರೆದಿಡುವುದಿಲ್ಲ. ಗಂಡ ಹೆಂಡತಿ ಜಗಳಾಡಿದ್ದೂ ನಮ್ಮ ಯಂತ್ರದ ಮೂಲಕವೇ ಹಾಯ್ದು ಹೋಗುತ್ತದೆ, ಅದನ್ನೆಲ್ಲ ನಾವು ಕೇಳುತ್ತ ಕೂತರೆ ಯಾರು ತಾನೇ ಕೊರಳಪಟ್ಟಿ ಕಟ್ಟಿಕೊಳ್ಳುತ್ತಾರೆ?

ಹೊರಗೆ ಫಜೀತಿಯೋ ಫಜೀತಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹರಾಜು ಕೂಗುವವನು ಅರ್ಧ ಕೂಗಿ ನಿಂತುಬಿಟ್ಟನಂತೆ. ಲಕ್ಷ್ಮೇಶ್ವರದ ಒಬ್ಬ ಕಂಡಕ್ಟರಿಗೆ ಸ್ಟಾಪಿನ ಹೆಸರು ಹೇಳಲಾಗದೆ ಇಡೀ ಬಸ್ಸು ಮುಂದಿನ ಊರಿಗೆ ಹೋಯಿತಂತೆ. ಫೋನುಗಳ ಮೇಲೆ ಫೋನು. ಮಾತು ನಿಂತವರು ಫೋನು ಮಾಡಲಾರರು, ಮಾಡಿದವರೆಲ್ಲ ಅವರ ಮನೆಯವರು, ಅವರ ದನಿಗೆ ಏನೂ ಆಗಿರಲಿಲ್ಲ ಅನ್ನುವುದು ನಮಗೆ ಚೆನ್ನಾಗಿಯೇ ಕೇಳಿಸಿತು.

ಆ ಸಾವಿರದ ಒಂಬೈನೂರರಲ್ಲಿ ಒಬ್ಬಳು ನನ್ನ ಹೆಂಡತಿ.

ಶಿವಗಂಗಾ, ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಟೀಚರು. ನಾಲ್ಕು ವರ್ಷದ ಹಿಂದೆ ಗಂಟಲಿನಲ್ಲಿ ಗಂಟು ಕಂಡಿತು, ದನಿಪೆಟ್ಟಿಗೆ ತೆಗೆಯಬೇಕೆಂದರು. ಆಪರೇಷನ್ನಿಗೆ ಮುಂಚೆ ಇಪ್ಪತ್ತಾರು ದಿನ ನಮ್ಮ ಭಂಡಾರದ ಕೋಣೆಯಲ್ಲಿ ಕೂತು ತನ್ನ ಪದಗಳನ್ನೆಲ್ಲ ಓದಿಟ್ಟಳು, ಕೊನೆಯ ದಿನ ನನ್ನನ್ನು ಬೈಯುವ ಪದಗಳನ್ನೂ ಮರೆಯದೆ ಓದಿದಳು. ಆಮೇಲೆ ಕೊರಳಪಟ್ಟಿ ಕಟ್ಟಿಕೊಂಡು ಅದೇ ತರಗತಿಗೆ ಹೋದಳು. ಇಲಾಖೆ ನಾಲ್ಕು ವರ್ಷದ ಮಟ್ಟಿಗೆ ಅನುಮತಿ ಕೊಟ್ಟಿತ್ತು. ಈಗ ಆ ಅವಧಿ ಮುಗಿದಿತ್ತು. ಮುಂದಿನ ಸೋಮವಾರ ಅಧಿಕಾರಿಗಳು ತರಗತಿಯಲ್ಲಿ ಕೂತು ಕೇಳಿ, ದನಿ ನಂಬುವ ಹಾಗಿದೆ ಅನ್ನಿಸಿದರೆ ಮುಂದುವರಿಸುವವರು, ಇಲ್ಲವಾದರೆ ಆಫೀಸಿನ ಕೆಲಸಕ್ಕೆ ಹಾಕುವವರು. ಆಫೀಸಿನ ಕೆಲಸ ಅನ್ನುವ ಮಾತು ಬಂದರೆ ಸಾಕು ಅವಳ ಮುಖ ಕಪ್ಪಿಡುತ್ತಿತ್ತು. ಇಪ್ಪತ್ತೆರಡು ವರ್ಷ ಮಕ್ಕಳ ನಡುವೆ ಇದ್ದವಳು.

ಸೋಮವಾರ ಸಂಜೆ ಮನೆಗೆ ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಸಹಜವಾಗಿ ಇರುವವನಂತೆ ಕೇಳಿದೆ.

"ಇವತ್ತ ನಿಂದೇನರ ತೊಂದರಿ ಆತೇನು? ಸರ್ವರ್ ಒಂಚೂರು ಅಡ್ಡಾಡೈತಿ."

"ನಂದೇನಿಲ್ಲ. ಚಲೋ ನಡದೈತಿ," ಅಂದಳು.

ಎಲ್ಲರ ಕೊರಳೂ ನಿಂತಾಗ ಇವಳದೊಂದು ಹೇಗೆ ನಡೆಯಿತು ಅಂತ ಕೇಳಬೇಕಿತ್ತು. ಬೋರ್ಡಿನ ಮೇಲೆ ಬರೆಯುತ್ತಿದ್ದಿರಬೇಕು, ಗೊತ್ತಾಗಿರಲಿಕ್ಕಿಲ್ಲ ಅಂದುಕೊಂಡೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು, ನಂಬಿದೆ. ಎಷ್ಟು ಹೊತ್ತಿಗೆ ಬಿತ್ತು, ಎಷ್ಟು ಸಲ ಬಿತ್ತು ಅಂತ ನಾನೂ ಹೇಳಲಿಲ್ಲ. ಪರೀಕ್ಷೆಯ ವಾರದಲ್ಲಿ ಅವಳಿಗೆ ಧೈರ್ಯ ಕೊಡಬೇಕಾದವನೇ ನನ್ನ ಯಂತ್ರ ನನ್ನ ಮಾತು ಕೇಳುತ್ತಿಲ್ಲ ಅಂತ ಹೇಗೆ ಹೇಳಲಿ?

ಮಂಗಳವಾರ ಹತ್ತೂ ಹದಿಮೂರು, ಎರಡೂ ಒಂಬತ್ತು. ಬುಧವಾರ ಹತ್ತೂ ಹನ್ನೆರಡು, ಎರಡೂ ಹನ್ನೊಂದು.

ಬುಧವಾರ ನಮ್ಮ ನಿರ್ದೇಶಕಿ ನದಾಫ ಮೇಡಮ್ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಅವರು ಮೂಲತಃ ಗಂಟಲಿನ ಡಾಕ್ಟರು, ಕಂಪ್ಯೂಟರ್ ವಿಷಯದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳುವ ಅಪರೂಪದ ಮನುಷ್ಯೆ.

"ಆ ಅಪ್‌ಡೇಟು ಹಾಕಿದ್ದರಿಂದ ಕೆಟ್ಟೈತಿ ಅಂದಮ್ಯಾಲೆ ತಗದುಬಿಡೂನು. ಅಷ್ಟs ಅಲ್ಲೇನು?" ಅಂದರು.

"ತಗದ್ರ ಕಳ್ಳರಿಗೆ ಬಾಗಿಲ ತಗದಂಗ ಮೇಡಮ್," ಅಂದಳು ಪ್ರೇಮಾ. "ಹನ್ನೊಂದು ನಿಮಿಷ ಮಾತಿಲ್ಲದ ಇರಬಹುದು. ತಾನು ಹೇಳದ ಮಾತು ಬಾಯಾಗಿಂದ ಬಂದ್ರ ಏನ್ ಮಾಡೂದು?"

ನಾನು ಇನ್ನೊಂದು ದಾರಿ ಹೇಳಿದೆ. "ನಾಳೆ ಹತ್ತೂ ಹತ್ತರಿಂದ ಹತ್ತೂ ಹದಿನೈದರ ತನಕ ಐದ ನಿಮಿಷ ಮಾತು ಬರದಿಡೂನು. ಯಾವ ಪದಕ್ಕ ಬೀಳತೈತಿ ಅಂತ ತಿಳದ್ರ ಮುಗೀತು. ತಿಳದ ಕೂಡ್ಲೆ ಅಳಿಸಿಬಿಡೂನು."

ಪ್ರೇಮಾ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. "ಅದು ನನ್ನ ಕೈಲೆ ಆಗೂದಿಲ್ರಿ ಸರ್. ಐದು ನಿಮಿಷ ಕೇಳಿದವರು ಆರನೇ ನಿಮಿಷನೂ ಕೇಳ್ತಾರ. ನಿಮ್ಮ ಮನಿಯವರ ಮಾತೂ ಅದರಾಗ ಬರ್ತಾವು, ನೆನಪೈತೇನ್ರಿ?"

ವಯಸ್ಸಿನಲ್ಲಿ ಮಗಳಂತಿರುವವಳ ಮುಂದೆ ತಲೆ ತಗ್ಗಿಸುವುದು ನನಗೆ ರೂಢಿ ಇಲ್ಲ. ಆದರೂ ತಗ್ಗಿಸಿದೆ, ಅವಳು ಹೇಳಿದ್ದು ಸರಿ ಇತ್ತು.

ಕೊನೆಗೆ ಒಂದು ಲೆಕ್ಕಾಚಾರಕ್ಕೆ ಬಂದೆವು. ಹತ್ತಕ್ಕೆ ಕಚೇರಿಗಳು ಶುರು, ಎರಡಕ್ಕೆ ಊಟ ಮುಗಿದು ಮತ್ತೆ ಶುರು. ಎಲ್ಲರೂ ಒಟ್ಟಿಗೆ ಮಾತಾಡುವ ಹೊತ್ತು. ಹೊಸ ತಪಾಸಣೆಯ ಭಾರಕ್ಕೆ ಸರ್ವರ್ ತಾಳಿಕೊಳ್ಳುತ್ತಿಲ್ಲ, ಮೆಮೊರಿ ಸಾಲದು. ಬುಧವಾರ ಸಂಜೆಯೇ ಮೆಮೊರಿ ದುಪ್ಪಟ್ಟು ಮಾಡಿದೆವು.

ಗುರುವಾರ ಬೀಳಲಿಲ್ಲ. ಹತ್ತೂ ಹನ್ನೆರಡು ದಾಟುವಾಗ ಮೂವರೂ ಪರದೆಯ ಮುಂದೆ ನಿಂತಿದ್ದೆವು, ಸರ್ವರ್‌ನ ಗೆರೆ ಅಲುಗಾಡಲಿಲ್ಲ. ಶುಕ್ರವಾರವೂ ಬೀಳಲಿಲ್ಲ. ಮೇಡಮ್ ಗಿರ್ಮಿಟ್ಟು ಮಿರ್ಚಿ ತರಿಸಿದರು. ನಾನು ಮೂರು ಮಿರ್ಚಿ ತಿಂದೆ, ಲೆಕ್ಕಾಚಾರ ನನ್ನದೇ ಅಂತ ಎರಡು ಸಲ ನೆನಪಿಸಿದೆ.

ಮನೆಯಲ್ಲಿ ಮಾತ್ರ ಶಿವಗಂಗಾ ದಿನದಿನಕ್ಕೆ ಸಣ್ಣಗಾಗುತ್ತಿದ್ದಳು. ಕೇಳಿದ್ದಕ್ಕೆ ಒಂದೇ ಪದದ ಉತ್ತರ. ಪರೀಕ್ಷೆಯ ಅಂಜಿಕೆ ಅಂದುಕೊಂಡೆ. ಸರ್ವರ್ ಸರಿಯಾಯಿತು, ಇನ್ನು ನೀ ಅಂಜಬೇಡ ಅಂತ ಶುಕ್ರವಾರ ಮಂತ್ರಾಲಯದ ರಾಯರ ಹಾಗೆ ಅಭಯ ಕೊಟ್ಟೆ. ಅವಳು ನನ್ನನ್ನೇ ನೋಡಿ "ಹೌದೇನು" ಅಂದಳು, ಅಷ್ಟೇ.

ಶನಿವಾರ ಎಂಟೂ ಒಂಬತ್ತಕ್ಕೆ ಸರ್ವರ್ ಬಿತ್ತು.

ನಾನಿನ್ನೂ ಭಂಡಾರದ ಮೆಟ್ಟಿಲ ಮೇಲಿದ್ದೆ. ಒಳಗೆ ಹೋದರೆ ಪ್ರೇಮಾ ತಲೆ ಹಿಡಿದುಕೊಂಡು ಕೂತಿದ್ದಳು. ಶನಿವಾರ ಬೆಳಿಗ್ಗೆ ಎಂಟಕ್ಕೆ ಯಾವ ಕಚೇರಿ ತೆರೆಯುತ್ತದೆ? ಮಾತಾಡುವವರ ಸಂಖ್ಯೆ ಆ ಹೊತ್ತಿಗೆ ಇನ್ನೂರೂ ಇರಲಿಲ್ಲ. ಭಾರದ ಲೆಕ್ಕಾಚಾರ, ಮೆಮೊರಿ, ನನ್ನ ಮೂರು ಮಿರ್ಚಿ, ಎಲ್ಲ ನೀರುಪಾಲು.

"ಇದು ಗಡಿಯಾರ ನೋಡಿ ಬೀಳಾಕತ್ತಿಲ್ರಿ ಸರ್," ಅಂದಳು ಪ್ರೇಮಾ. "ಯಾರೋ ಒಬ್ಬರು ಏನೋ ಒಂದು ಮಾತು ಹೇಳ್ತಾರ. ಅದಕ್ಕ ಬೀಳತೈತಿ. ಅವರಿಗೂ ಗೊತ್ತಿಲ್ಲ ಅಷ್ಟs."

ಬಿದ್ದ ಹೊತ್ತುಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಂಡು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಶಿವಗಂಗಾ ಆಗಲೇ ಬಂದಿದ್ದಳು. ಕೊರಳಪಟ್ಟಿ ಬಿಚ್ಚಿ ಕಿಟಕಿಯಲ್ಲಿಟ್ಟಿದ್ದಳು. ನಾಲ್ಕು ವರ್ಷದಲ್ಲಿ ಹಗಲು ಹೊತ್ತು ಅವಳು ಅದನ್ನು ಬಿಚ್ಚಿದ್ದು ನಾನು ನೋಡಿರಲಿಲ್ಲ. ಬರಿಗೊರಳಿನಲ್ಲಿ ತಟ್ಟೆ ಹಾಕಿದಳು, ರೊಟ್ಟಿ ಜುಣಕ ಬಡಿಸಿದಳು, ಸ್ಲೇಟಿನ ಪಾಟಿಯ ಮೇಲೆ ಬರೆದು ನನ್ನ ಮುಂದೆ ಹಿಡಿದಳು.

"ಆಫೀಸಿಗೆ ಹಾಕಿರೆಂದು ಅರ‍್ಜಿ ಬರೆಯುತ್ತೇನೆ. ಸೋಮವಾರ ಅವರು ಬರುವುದರೊಳಗೆ ಕೊಡುತ್ತೇನೆ. ಅವರ ಮುಂದೆ ಬಾಯಿ ನಿಂತರೆ ಮಕ್ಕಳೂ ನೋಡುತ್ತಾರೆ."

ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಹಾಕಿದೆ. "ಚಲೋ ನಡದೈತಿ ಅಂದಿದ್ದೆಲ್ಲ?" ಅಂದೆ.

ಪಾಟಿ ಒರೆಸಿ ಬರೆದಳು: "ಸುಳ್ಳು ಹೇಳಿದೆ."

ಆಮೇಲೆ ಬರೆಯುತ್ತಲೇ ಹೋದಳು, ಒರೆಸುತ್ತಲೇ ಹೋದಳು. ಆಪರೇಷನ್ ಮಾಡಿದ ಡಾಕ್ಟರು ಅಂದೇ ಹೇಳಿದ್ದರಂತೆ, ಐದನೆಯ ವರ್ಷದ ಹೊತ್ತಿಗೆ ಕೆಲವರ ನರ ಸೋಲುತ್ತವೆ, ಸೋತರೆ ಮೊದಲು ತಡವರಿಸುವುದು ಒತ್ತಕ್ಷರದ ರಕಾರ ಅಂತ. ಅದನ್ನು ನನಗೆ ಹೇಳಿರಲಿಲ್ಲ. ಈ ವಾರ ತರಗತಿಯಲ್ಲಿ ಒಂದು ಹೆಸರಿನ ಹತ್ತಿರ ಬಂದ ಕೂಡಲೇ ಕೊರಳು ನಿಂತು ಹತ್ತು ನಿಮಿಷ ಮಾತೇ ಹೊರಡುತ್ತಿರಲಿಲ್ಲವಂತೆ, ಆ ಹೆಸರಿನಲ್ಲಿ ಅಂಥದೇ ರಕಾರ ಇದೆಯಂತೆ. ನರ ಸತ್ತುಹೋಗುತ್ತಿವೆ, ಇನ್ನು ನನ್ನ ಕತೆ ಮುಗಿಯಿತು ಅಂತ ಅವಳು ವಾರವಿಡೀ ಒಬ್ಬಳೇ ನುಂಗಿಕೊಂಡಿದ್ದಳು. ನಾನು ಪಕ್ಕದಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದೆ.

ಕಿಸೆಯಲ್ಲಿದ್ದ ಹಾಳೆ ತೆಗೆದು ಅವಳ ಮುಂದಿಟ್ಟೆ. "ನಾನೂ ಸುಳ್ಳು ಹೇಳೇನಿ. ಸರ್ವರ್ ಒಂಚೂರು ಅಡ್ಡಾಡಿಲ್ಲ. ಏಳು ಸಲ ಬಿದ್ದೈತಿ. ನಿಂದೊಬ್ಬಾಕಿದಲ್ಲ, ಎಲ್ಲಾರದೂ ನಿಂತೈತಿ. ನೋಡು."

ಅವಳು ಹಾಳೆ ನೋಡಿದಳು. ಮತ್ತೆ ನೋಡಿದಳು. ಎದ್ದು ಹೋಗಿ ಚೀಲದಿಂದ ಕೆಂಪು ಪೆನ್ನು ತಂದಳು, ಮಕ್ಕಳ ಕಾಪಿ ತಿದ್ದುವವಳ ಹಾಗೆ ಒಂದೊಂದೇ ಸಾಲಿನ ಪಕ್ಕ ಬರೆಯತೊಡಗಿದಳು.

ಸೋಮವಾರ ಹತ್ತೂ ಹನ್ನೆರಡು: ಹಾಜರಿ. ಎರಡೂ ಹತ್ತು: ಮಧ್ಯಾಹ್ನದ ಹಾಜರಿ. ಮಂಗಳವಾರ, ಹಾಜರಿ, ಹಾಜರಿ. ಬುಧವಾರ, ಹಾಜರಿ, ಹಾಜರಿ. ಗುರುವಾರ ಮತ್ತು ಶುಕ್ರವಾರ ನಾನು ಖುಷಿಯಿಂದ ಸೊನ್ನೆ ಬರೆದಿದ್ದ ಜಾಗದಲ್ಲಿ: ಆ ಹೆಸರು ಬಿಟ್ಟು ಕರೆದೆ. ಶನಿವಾರ ಎಂಟೂ ಒಂಬತ್ತು: ಬೆಳಗಿನ ಶಾಲೆ. ಹಾಜರಿ. ಕರೆದೆ.

ಶನಿವಾರ ಬೆಳಗಿನ ಶಾಲೆ ಇರುತ್ತದೆ ಅನ್ನುವುದು ಏಳು ಜಿಲ್ಲೆಯ ಪ್ರತಿ ಮನೆಗೂ ಗೊತ್ತು. ಟೀಚರಿನ ಗಂಡನಾಗಿ ಇಪ್ಪತ್ತು ವರ್ಷ ಶನಿವಾರ ನಸುಕಿಗೆ ಚಹಾ ಮಾಡಿಕೊಟ್ಟವನು ನಾನು. ನನಗೆ ಹೊಳೆದಿರಲಿಲ್ಲ.

"ಬಿಟ್ಟು ಕರದಿದ್ದಿ, ಮತ್ತ ಇವತ್ಯಾಕ ಕರದಿ?" ಅಂತ ಕೇಳಿದೆ.

ಪಾಟಿಯ ಮೇಲೆ ಬರೆದಳು: "ಅವಳು ಮೇಜಿನ ಹತ್ತಿರ ಬಂದು, ಟೀಚರ್, ನನ್ನ ಹೆಸರು ತೆಗೆದುಹಾಕಿದಿರೇನು ಅಂತ ಕೇಳಿದಳು. ಎಂದೂ ಬಾಯಿ ಬಿಡದ ಹುಡುಗಿ. ಹಾಜರಿ ಬಿಟ್ಟರೆ ಅವಳ ಹೆಸರನ್ನು ದಿನದಲ್ಲಿ ಯಾರೂ ಕರೆಯುವುದಿಲ್ಲ."

ಅದರ ಕೆಳಗೆ: "ಹದಿನೇಳನೆಯ ಹೆಸರು. ಊರ‍್ಮಿಳಾ ಹೂಗಾರ."

ಅವಳ ಅಕ್ಷರ ನೋಡುತ್ತ ಕೂತೆ. ಶಿವಗಂಗಾಳಿಗೆ ಒಂದು ಹಟ ಇದೆ, ಅರ್ಕಾವತ್ತು ಬರೆಯುವುದಿಲ್ಲ. ನಾವೆಲ್ಲ ರಕಾರವನ್ನು ಮುಂದಿನ ಅಕ್ಷರದ ಬೆನ್ನಿಗೆ ಕೊಕ್ಕೆಯಾಗಿ ಹಾಕುತ್ತೇವಲ್ಲ, ಅವಳು ಹಾಗೆ ಹಾಕದೆ ರ ಬರೆದು ಕೆಳಗೆ ಒತ್ತು ಕೊಡುತ್ತಾಳೆ. ಕೊಕ್ಕೆ ಹಿಂದೆ ಬರುವುದರಿಂದ ಮಕ್ಕಳು ಕಂಡ ಹಾಗೆ ಓದಿ ಊರ್ಮಿಳಾಳನ್ನು ಊಮಿರ್ಳಾ ಮಾಡುತ್ತವೆ ಅನ್ನುವುದು ಅವಳ ವಾದ. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳ ಹೆಸರುಗಳನ್ನು ಅವಳ ಯಾದಿಗೆ ಟೈಪ್ ಮಾಡಿ ಸೇರಿಸುವವನು ನಾನೇ. ಪಕ್ಕದಲ್ಲಿ ನಿಂತು, ಕೊಕ್ಕೆ ಬೇಡ, ಒತ್ತು ಹಾಕಿರಿ ಅಂತ ಕಾಯುತ್ತಾಳೆ. ಕಂಪ್ಯೂಟರಿನಲ್ಲಿ ಹಾಗೆ ಬರೆಸಲು ರಕಾರದ ಪಕ್ಕ ಕಣ್ಣಿಗೆ ಕಾಣದ ಒಂದು ಗುರುತು ಒತ್ತಬೇಕು. ಆ ಗುರುತು ಪರದೆಯ ಮೇಲೆ ಕಾಣುವುದಿಲ್ಲ, ಯಂತ್ರಕ್ಕೆ ಮಾತ್ರ ಗೊತ್ತಾಗುತ್ತದೆ.

ಕಾಣದ ಗುರುತು! ಎಂಜಲು ಕೈಯಲ್ಲೇ ಎದ್ದು ಪ್ರೇಮಾಳಿಗೆ ಫೋನು ಮಾಡಿದೆ.

"ಆ ಅಪ್‌ಡೇಟು ಕಾಣದ ಗುರುತುಗಳನ್ನ ಏನ್ ಮಾಡತೈತಿ?"

"ಕಳ್ಳರು ಅದರಾಗs ಆಜ್ಞೆ ಅಡಗಿಸಿ ಕಳಸ್ತಾರ ಅಂತ, ಅವನ್ನ ಇಲ್ಲs ಇಲ್ಲ ಅನ್ನೂ ಹಂಗ ನೋಡತೈತ್ರಿ. ಯಾಕ್ರಿ?"

ವಿಷಯ ಇಷ್ಟೇ. ಯಾದಿ ಅಂದರೆ ನಿಘಂಟಿನಂತೆ, ಪದಗಳು ಒಂದು ಸಾಲಿನಲ್ಲಿ ನಿಂತಿರುತ್ತವೆ. ಯಂತ್ರ ನಡುವೆ ತೆರೆದು, ಬೇಕಾದ್ದು ಇದಕ್ಕಿಂತ ಮುಂದೋ ಹಿಂದೋ ಅಂತ ನೋಡುತ್ತ ಹೋಗುತ್ತದೆ. ಕಾಣದ ಗುರುತನ್ನು ಹಳೆಯ ಯಂತ್ರ ಒಂದು ಅಕ್ಷರವೆಂದೇ ಎಣಿಸಿ, ಆ ಲೆಕ್ಕದಲ್ಲಿ ಊರ್ಮಿಳಾಳನ್ನು ಒಂದು ಜಾಗದಲ್ಲಿ ನಿಲ್ಲಿಸಿತ್ತು. ಹೊಸ ನಿಯಮದಲ್ಲಿ ಆ ಗುರುತು ಲೆಕ್ಕಕ್ಕಿಲ್ಲ, ಅವಳು ಇನ್ನೊಂದು ಜಾಗದಲ್ಲಿ ನಿಲ್ಲಬೇಕಿತ್ತು. ಪದಗಳನ್ನು ನಾವು ಸರಿಸಿಯೇ ಇರಲಿಲ್ಲ, ನಿಯಮ ಮಾತ್ರ ಬದಲಾಗಿತ್ತು. ಯಂತ್ರ ಹುಡುಕಿಕೊಂಡು ಹೋದಾಗ, ಇರಬಾರದ ಜಾಗದಲ್ಲಿ ಒಂದು ಹೆಸರು. ಯಾರೋ ಕೈಯಾಡಿಸಿದ್ದಾರೆ ಅಂತ ಹೆದರಿ ಬಾಗಿಲು ಹಾಕಿಕೊಂಡಿತು. ಹೆದರುವಂತೆ ಕಲಿಸಿದವರೂ ನಾವೇ.

ಭಾನುವಾರ ಬೆಳಿಗ್ಗೆ ಶಿವಗಂಗಾಳನ್ನು ಕರೆದುಕೊಂಡು ಭಂಡಾರಕ್ಕೆ ಹೋದೆ. ಉಳಿದವರ ಮಾತಿಗೆ ಧಕ್ಕೆ ಆಗದ ಹಾಗೆ ಪ್ರೇಮಾ ಸರ್ವರ್‌ನ ಒಂದು ನಕಲನ್ನು ಬೇರೆ ಯಂತ್ರದಲ್ಲಿ ಸಿದ್ಧ ಮಾಡಿದ್ದಳು. ಶಿವಗಂಗಾಳ ಕೊರಳಪಟ್ಟಿಯನ್ನು ಅದಕ್ಕೆ ಜೋಡಿಸಿ, ಒಪ್ಪಿಗೆ ಪತ್ರ ಮುಂದಿಟ್ಟಳು.

"ಒಂದs ಒಂದು ಹೆಸರು ನಾವು ಕೇಳ್ತೀವಿ ಟೀಚರ್. ಓದಿ ಸಹಿ ಮಾಡ್ರಿ."

ಶಿವಗಂಗಾ ಪೂರ್ತಿ ಓದಿದಳು, ಎರಡು ಕಾಗುಣಿತದ ತಪ್ಪು ತಿದ್ದಿದಳು, ಸಹಿ ಮಾಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು. ಆ ಹೆಸರು ಹೇಳಲು ಅವಳಿಗೆ ಎಷ್ಟು ಹೆದರಿಕೆ ಇತ್ತೆಂದು ಕುರ್ಚಿಯ ಕೈ ಹಿಡಿದಿದ್ದ ಬೆರಳುಗಳಲ್ಲೇ ಕಾಣುತ್ತಿತ್ತು.

ಕೊರಳು ಮಿಡಿಯಿತು. ನಕಲು ಸರ್ವರ್ ಎರಡು ಸೆಕೆಂಡಿನಲ್ಲಿ ಬಿತ್ತು.

"ಬಿತ್ತು!" ಅಂತ ಪ್ರೇಮಾ ಎದ್ದು ನಿಂತಳು. ನಾನು ಚಪ್ಪಾಳೆ ತಟ್ಟಿದೆ. ಸರ್ವರ್ ಬಿದ್ದದ್ದಕ್ಕೆ ಇಷ್ಟು ಸಂಭ್ರಮಪಟ್ಟವರು ಜಗತ್ತಿನಲ್ಲಿ ಬೇರೆ ಯಾರಾದರೂ ಇದ್ದಾರೋ ಇಲ್ಲವೋ. ಶಿವಗಂಗಾ ಮಾತ್ರ ಬೆಪ್ಪಾಗಿ ಕೂತಿದ್ದಳು. ಅವಳಿಗೆ ಕಂಡದ್ದು ಇಷ್ಟೇ, ಕೊರಳು ಮತ್ತೆ ನಿಂತಿತು.

ನದಾಫ ಮೇಡಮ್ ಅವಳ ಎದುರಿಗೆ ಕೂತು ಎರಡೂ ಕೈ ಹಿಡಿದುಕೊಂಡರು. ಅವರ ಎದುರಿನ ಪರದೆಯ ಮೇಲೆ ನರದ ಮಿಡಿತದ ಗೆರೆ ಇತ್ತು.

"ಶಿವಗಂಗಾ ಅವರ, ಇಲ್ಲಿ ನೋಡ್ರಿ. ಊ, ರ, ಮಿ, ಳಾ. ನಾಕೂ ಎಷ್ಟು ಗಟ್ಟಿ ಅದಾವ ನೋಡ್ರಿ. ರಕಾರ ಎಲ್ಲಾಕ್ಕಿಂತ ಗಟ್ಟಿ ಐತಿ. ನಿಮ್ಮ ನರ ಸೋತಿದ್ರ ಯಂತ್ರಕ್ಕ ಆ ಹೆಸರು ತಿಳೀತಿದ್ದಿಲ್ಲ, ಅದು ಬೀಳ್ತಿದ್ದೂ ಇಲ್ಲ. ನೀವು ಅಷ್ಟು ಸ್ವಚ್ಛ ಹೇಳಿದ್ದಕ್ಕs ಅದು ಬಿತ್ತು."

ಶಿವಗಂಗಾ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಅವಳ ಅಳುವಿಗೆ ಸಪ್ಪಳವಿಲ್ಲ, ನಾಲ್ಕು ವರ್ಷದಿಂದ ಇಲ್ಲ. ನನಗೂ ತಡೆಯಲಾಗಲಿಲ್ಲ. ಪ್ರೇಮಾ ಕಿಟಕಿಯ ಕಡೆ ಹೋಗಿ ಗಾಳಿಯಂತ್ರಗಳನ್ನು ನೋಡುತ್ತ ನಿಂತಳು.

ಇನ್ನು ರಿಪೇರಿ. "ಈ ಒಂದು ಹೆಸರಿಗೆ ಅರ್ಕಾವತ್ತು ಹಾಕಿಬಿಟ್ರ ಇವತ್ತಿಂದು ಮುಗೀತ್ರಿ," ಅಂದಳು ಪ್ರೇಮಾ. ಅಳುತ್ತಿದ್ದವಳು ಥಟ್ಟನೆ ತಲೆ ಎತ್ತಿ ಅವಳನ್ನು ನೋಡಿದ ರೀತಿಗೆ, ಪ್ರೇಮಾ ಎರಡು ಹೆಜ್ಜೆ ಹಿಂದೆ ಸರಿದಳು. "ಅಂದ್ರ, ಹಂಗ ಮಾಡಿದ್ರ ನಾಳೆ ಇನ್ನೊಬ್ಬರ ಯಾದ್ಯಾಗ ಇಂಥಾದ್ದs ಇನ್ನೊಂದು ಇರತೈತಿ ಅಂತ ಹೇಳಾಕತ್ತಿದ್ನಿ," ಅಂತ ಮಾತು ತಿರುಗಿಸಿದಳು. ನಿಜವೂ ಅದೇ. ಹೊಸ ನಿಯಮದ ಪ್ರಕಾರ ಎಲ್ಲರ ಯಾದಿಗಳನ್ನೂ ಮೊದಲಿನಿಂದ ಸಾಲು ಹಚ್ಚಬೇಕಿತ್ತು. ಮೂರೂವರೆ ಕೋಟಿ ಪದ, ಐದು ತಾಸು, ಅಷ್ಟು ಹೊತ್ತು ಯಾರಿಗೂ ಮಾತಿಲ್ಲ.

ಮೇಡಮ್ ಎಲ್ಲರಿಗೂ ಸಂದೇಶ ಕಳಿಸಿದರು: ಇಂದು ಮಧ್ಯಾಹ್ನ ಎರಡರಿಂದ ಏಳರವರೆಗೆ ಭಂಡಾರ ಮುಚ್ಚಿರುತ್ತದೆ, ತಪ್ಪು ನಮ್ಮದು, ಕ್ಷಮಿಸಿ. ತಪ್ಪು ನಮ್ಮದು ಅನ್ನುವುದನ್ನು ಅವರೇ ಸೇರಿಸಿದರು. ಬೈಗುಳ ಬರುತ್ತವೆಂದು ಕಾದೆವು. ಬಂದದ್ದು ಹೆಚ್ಚಾಗಿ "ಆಗಲಿ" ಅಂತ. ರೋಣದಿಂದ ಒಬ್ಬ ಹೆಣ್ಣುಮಗಳು ಮಾತ್ರ, ನಮ್ಮ ಯಜಮಾನರದು ಇನ್ನೊಂದು ತಾಸು ತಡವಾಗಿ ಶುರು ಮಾಡಿದರೂ ಅಡ್ಡಿಯಿಲ್ಲ ಎಂದು ಬರೆದಿದ್ದಳು.

ಏಳಕ್ಕೆ ಹತ್ತು ನಿಮಿಷ ಇರುವಾಗ ಕೆಲಸ ಮುಗಿಯಿತು. ಇಪ್ಪತ್ತಮೂರು ಜನರ ಯಾದಿಗಳಲ್ಲಿ ನಲವತ್ತೊಂದು ಪದಗಳು ಜಾಗ ಬದಲಿಸಿದವು. ಯಾವ ಪದಗಳು ಅಂತ ನಾವು ನೋಡಲಿಲ್ಲ. ನಕಲು ಯಂತ್ರದಲ್ಲಿ ಆ ಹೆಸರನ್ನು ಮತ್ತೊಮ್ಮೆ ಹೇಳಿಸಿ ನೋಡೋಣವೇ ಅಂದೆ. ಶಿವಗಂಗಾ ಬೇಡವೆಂದು ತಲೆಯಾಡಿಸಿದಳು.

"ಆಕಿ ಹೆಸರು ಇನ್ನ ಆಕಿ ಮುಂದs ಕರೀತೀನಿ," ಅಂದಳು. ಅದು ಅವಳ ಕೊರಳಿನಿಂದ ಬಂದ ಆ ದಿನದ ಮೊದಲ ಮಾತು.

ಸೋಮವಾರ ನಾನು ಒಂಬತ್ತಕ್ಕೇ ಪರದೆಯ ಮುಂದೆ ಕೂತೆ. ಹತ್ತಕ್ಕೆ ಪ್ರಾರ್ಥನೆ. ಹತ್ತೂ ಎಂಟಕ್ಕೆ ಮಕ್ಕಳು ಒಳಗೆ ಬಂದಿರುತ್ತಾರೆ. ಅಧಿಕಾರಿಗಳು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಹತ್ತೂ ಹತ್ತಕ್ಕೆ ಹಾಜರಿ ಪುಸ್ತಕ ತೆರೆಯುತ್ತಾಳೆ. ಹತ್ತೂ ಹನ್ನೊಂದು. ಪ್ರೇಮಾ ನನ್ನ ಹಿಂದೆ ಬಂದು ನಿಂತಳು, ಮೇಡಮ್ ಚಹಾದ ಕಪ್ಪು ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಹತ್ತೂ ಹನ್ನೆರಡು. ಗೆರೆ ಹಾಗೇ ಇತ್ತು. ಹತ್ತೂ ಹದಿಮೂರು. ಹತ್ತೂ ಹದಿನಾಲ್ಕು, ಹತ್ತೂ ಹದಿನೈದು, ಹತ್ತೂ ಇಪ್ಪತ್ತು.

"ಇನ್ನರ ಉಸರ ಬಿಡ್ರಿ ಸರ್," ಅಂದಳು ಪ್ರೇಮಾ.

ಬಿಟ್ಟೆ. ಆದರೂ ಅವಳು ನಿಜವಾಗಿ ಆ ಹೆಸರು ಕರೆದಳೋ, ಹೆದರಿ ಬಿಟ್ಟಳೋ, ಅದು ನನಗೆ ಗೊತ್ತಿರಲಿಲ್ಲ. ನಮ್ಮ ಭಂಡಾರ ಅದನ್ನು ಬರೆದಿಡುವುದಿಲ್ಲ. ಸಂಜೆಯ ತನಕ ಕಾಯಬೇಕಿತ್ತು.

ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಮಾತು ಶುರು ಮಾಡಿದಳು. ಅಧಿಕಾರಿಗಳು ಎರಡು ತಾಸು ಕೂತರಂತೆ. ದನಿ ಸ್ಪಷ್ಟವಿದೆ, ತರಗತಿಯಲ್ಲೇ ಮುಂದುವರಿಸುವುದು ಅಂತ ಅಲ್ಲೇ ಬರೆದು ಸಹಿ ಮಾಡಿ ಹೋದರಂತೆ. ಅರ್ಜಿಯನ್ನು ಅವಳು ಹರಿದುಹಾಕಿದ್ದಳು. ನಾನು ಮೊರದಲ್ಲಿದ್ದ ಅಕ್ಕಿ ಬಿಟ್ಟು ಎದ್ದು ಬಂದೆ.

"ಹದಿನೇಳನೇದು?" ಅಂದೆ.

"ಕರದೆ," ಅಂದಳು. "ಊರ್ಮಿಳಾ ಹೂಗಾರ ಅಂತ ಕರದೆ. ದನಿ ಬಂತು. ಆದ್ರ ಆಕಿ ಹಾಜರ್ ಅನ್ನಲಿಲ್ಲ."

"ಬಂದಿದ್ದಿಲ್ಲೇನು?"

"ಬಂದಿದ್ಲು. ಎರಡನೇ ಸಾಲಿನಾಗ ನನ್ನ ಮಾರಿ ನೋಡಕೋತ ಕುಂತಿದ್ಲು. ಮತ್ತೊಮ್ಮೆ ಕರದೆ. ಸುಮ್ಮನs. ಮೂರನೇ ಸಲ ಕರದೆ, ಆವಾಗ ಎದ್ದು ಹಾಜರ್‌ರೀ ಟೀಚರ್ ಅಂದ್ಲು. ಹಿಂದ ಸಾಹೇಬರು ಏನ್ ತಿಳಕೊಂಡಾರೋ ಅಂತ ನಂಗ ಜೀವs ಇಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬದಿಗೆ ಕರದು ಕೇಳಿದೆ, ಯಾಕವಾ, ಕೇಳಸಲಿಲ್ಲೇನು ಅಂತ. ಕೇಳಿಸ್ತ್ರಿ ಟೀಚರ್, ಇನ್ನೊಮ್ಮೆ ಕರೀಲಿ ಅಂತ ಸುಮ್ಮನ ಕುಂತಿದ್ನಿ ಅಂದ್ಲು."

ನಾನು ನಕ್ಕೆ. ಶಿವಗಂಗಾ ನಗಲಿಲ್ಲ. ಕೊರಳಪಟ್ಟಿಯ ಮೇಲೆ ಕೈ ಇಟ್ಟುಕೊಂಡಳು.

"ಆಕಿ ಬೇಕಂತs ಸುಮ್ಮನ ಕುಂತಾಳ ಅಂತ ನಂಗ ಎರಡನೇ ಸಲಕ್ಕs ಗೊತ್ತಾಗಿತ್ರೀ," ಅಂದಳು. "ಆದ್ರೂ ಮೂರನೇ ಸಲ ಕರದೆ. ನಂಗೂ ಆ ಹೆಸರು ಇನ್ನೊಮ್ಮೆ ಕೇಳಿಸ್ಕೋಬೇಕಾಗಿತ್ತು."